ಮೆಷಿನ್ ತರೋ ಮೊದಲು ಅದನ್ನ ಬಳಸೋರನ್ನ ಕೇಳಿ

ನಮ್ಮ ಮಲೆನಾಡಿನ ಮನೆಗಳಲ್ಲಿ ತೋಟಕ್ಕೆ ಮೆಷಿನ್ ಬಂದಷ್ಟು ಬೇಗ ಅಡುಗೆಮನೆಗೆ ಬರಲ್ಲ. ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು, ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಅಡಿಕೆ ಕೊನೆ, ಅಂದ್ರೆ ಗೊಂಚಲು, ತೆಗೆಯೋಕೆ 60 ಅಡಿ ಮೇಲೆ ಹೋಗೋ ಕಾರ್ಬನ್ ಫೈಬರ್ ದೋಟಿ ಬಂತು, ಅಡಿಕೆ ಸುಲಿಯೋಕೆ ಮೆಷಿನ್ ಬಂತು, ಕಳೆ ಹೊಡಿಯೋಕೆ ವೀಡ್ ಕಟರ್ ಬಂತು. ಬರ್ಲಿ, ಬೇಕೇ ಬೇಕು, ಮರ ಹತ್ತೋ ಕೊನೆಗಾರರು ಸಿಗಲ್ಲ, ಹತ್ತಿದವರು ಬಿದ್ದು ಸೊಂಟ ಮುರ್ಕೊಂಡಿದ್ದನ್ನ ಎಲ್ಲಾ ಊರಲ್ಲೂ ನೋಡಿದೀವಿ. ಸುಲಿಯೋ ಮೆಷಿನ್ನಿಂದ ಹೆಂಗಸರಿಗೂ ದೊಡ್ಡ ಉಪಕಾರ ಆಗಿದೆ, ಮೊದಲೆಲ್ಲ ಹಗಲು ಮನೆಗೆಲಸ ಮುಗಿಸಿ ರಾತ್ರಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತ್ರೆ ಏಳೋ ಹೊತ್ತಿಗೆ ಮಂಡಿ ಸೆಟೆದು ಹೋಗಿರ್ತಿತ್ತು, ಬೆರಳೆಲ್ಲ ಕಪ್ಪು. ಹಾಗಾಗಿ ತೋಟದ ಮೆಷಿನ್ ಬಗ್ಗೆ ನಂದು ಎಂಥ ತಕರಾರೂ ಇಲ್ಲ. ನನ್ನ ತಕರಾರು ಇಷ್ಟೇ, ಲಕ್ಷದ ಮೆಷಿನ್ನಿಗೆ ಸಾಲ ಮಾಡೋ ಮನೇಲಿ ಹತ್ತು ಸಾವಿರದ ಗ್ರೈಂಡರ್ ಅಂದ ಕೂಡ್ಲೇ "ಈ ವರ್ಷ ಅಡಿಕೆ ರೇಟ್ ಸರಿ ಇಲ್ಲ, ಮುಂದಿನ ವರ್ಷ ನೋಡಣ" ಅಂತಾರಲ್ಲ, ಅದು. ಆ ಮುಂದಿನ ವರ್ಷ ಬರೋ ಹೊತ್ತಿಗೆ ಅಮ್ಮಂದಿರ ಸೊಂಟ, ರಟ್ಟೆ, ಮಂಡಿ ಎಲ್ಲಾ ಮುಗಿದಿರುತ್ತೆ.

ಇನ್ನೊಂದು ಮಾತು ಬರುತ್ತೆ, "ಒರಳಲ್ಲಿ ರುಬ್ಬಿದ ಚಟ್ನಿ ರುಚಿನೇ ಬೇರೆ". ರುಚಿ ಬೇರೆ ಅನ್ನೋದು ನಿಜ, ನಾನು ಇಲ್ಲ ಅನ್ನಲ್ಲ, ಮಿಕ್ಸಿ ಬ್ಲೇಡು ಕತ್ತರಿಸುತ್ತೆ, ಕಲ್ಲು ಜಜ್ಜಿ ಅರೆಯುತ್ತೆ, ಎರಡರಲ್ಲಿ ಬರೋ ಹದ ಒಂದೇ ಆಗೋಕೆ ಸಾಧ್ಯ ಇಲ್ಲ. ಆದ್ರೆ ಈ ಮಾತನ್ನ ಗುಂಡುಕಲ್ಲು ತಿರುಗಿಸೋ ಕೈಯವರ ಬಾಯಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ಮನೆಗೆ ನೆಂಟರು ಬಂದ ದಿನ ಕಡುಬಿಗೆ, ಮಾರನೇ ದಿನ ದೋಸೆಗೆ, ಮಧ್ಯ ತಂಬುಳಿಗೆ, ಸಾಸಿವೆಗೆ, ಸಾರಿನ ಮಸಾಲೆಗೆ, ಎಲ್ಲದಕ್ಕೂ ಕಲ್ಲಿನ ಮುಂದೆ ಕೂತವರು ರುಚಿ ಬಗ್ಗೆ ಹೇಳ್ಲಿ, ಅವರ ಮಾತು ಒಪ್ತೀನಿ.

ನಮ್ಮ ಕಡೆ ಅಡುಗೇಲಿ ತೆಂಗಿನಕಾಯಿ ಅರೆಯದ ದಿನ ಇಲ್ಲ, ಅದಕ್ಕೇ ಮಿಕ್ಸಿ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ. ಈ ಮಿಕ್ಸಿ ಹುಟ್ಟಿದ ಕಥೆ ನಂಗೆ ತುಂಬಾ ಇಷ್ಟ. ಮುಂಬೈಲಿ ಸತ್ಯಪ್ರಕಾಶ ಮಾಥುರ್ ಅಂತ ಒಬ್ಬ ಇಂಜಿನಿಯರ್, ಅವರ ಹೆಂಡತಿ ಹತ್ರ ಇದ್ದ ಜರ್ಮನಿಯ ಬ್ರೌನ್ ಕಂಪನಿ ಮಿಕ್ಸರ್ ಕೆಟ್ಟೋಯ್ತು, ಇಲ್ಲಿ ರಿಪೇರಿ ಮಾಡೋರಿಲ್ಲ. ಆ ಮೆಷಿನ್ ಮಾಡಿದ್ದು ಹಣ್ಣು, ಕೇಕ್ ಹಿಟ್ಟು ಅಂಥದ್ದಕ್ಕೆ, ನಮ್ಮ ಒಣ ಮಸಾಲೆ, ಗಟ್ಟಿ ಬೇಳೆ ಅದಕ್ಕೆಲ್ಲಿ ತಡೀಬೇಕು. ಆಗ ಅವರೇ ನಮ್ಮ ಅಡುಗೆಗೆ ತಡೆಯೋ ಮೋಟರು ಹಾಕಿ ಮಾಡಿದ್ದು ಸುಮೀತ್, ಕಂಪನಿ ಶುರುವಾಗಿದ್ದು 1963ರಲ್ಲಿ. ಹಂಗೇ ಕೊಯಮತ್ತೂರಲ್ಲಿ ಸಭಾಪತಿ ಅನ್ನೋರು 1955ರಲ್ಲಿ ರುಬ್ಬೋ ಕಲ್ಲಿಗೇ ಮೋಟರು ಕೂರಿಸಿ ವೆಟ್ ಗ್ರೈಂಡರ್ ಮಾಡಿದ್ರು, ಈಗ ಕೊಯಮತ್ತೂರು ಗ್ರೈಂಡರಿಗೆ ಊರಿನ ಹೆಸರಲ್ಲಿ ಸಿಗೋ ಜಿಐ ಟ್ಯಾಗ್ ಕೂಡ ಇದೆ. ಎರಡೂ ಕಡೆ ಅಡುಗೆಮನೇಲಿ ಏನು ನಡೆಯುತ್ತೆ, ಎಷ್ಟು ಕಷ್ಟ ಅಂತ ಕಣ್ಣಾರೆ ನೋಡಿ ಮೆಷಿನ್ ಮಾಡಿದಾರೆ, ಅದಕ್ಕೇ ಅವು ಮನೆಮನೆಗೂ ಹೋದ್ವು.

ಮಿಕ್ಸಿ ಇರೋ ಎಲ್ಲರೂ ಒಂದ್ಸಲ ಅದನ್ನ ತಲೆಕೆಳಗೆ ಮಾಡಿ ನೋಡಿ. ಅಡಿಲಿ ಒಂದು ಕೆಂಪು ಬಟನ್ ಇರುತ್ತೆ, ಓವರ್‌ಲೋಡ್ ಸ್ವಿಚ್ ಅದು. ಜಾರಿಗೆ ತುಂಬ್ಕೊಂಡು ಗಟ್ಟಿ ಹಾಕಿದ್ರೆ, ಇಲ್ಲಾ ವೋಲ್ಟೇಜ್ ಕಡಿಮೆ ಇದ್ದಾಗ ಬಲವಂತಕ್ಕೆ ಓಡಿಸಿದ್ರೆ ಮೋಟರು ಬಿಸಿ ಆಗಿ ಆ ಬಟನ್ ಹೊರಗೆ ಹಾರುತ್ತೆ, ಮಿಕ್ಸಿ ನಿಂತೋಗುತ್ತೆ. ಸ್ವಿಚ್ ಆಫ್ ಮಾಡಿ, ಜಾರ್ ಸ್ವಲ್ಪ ಖಾಲಿ ಮಾಡಿ, ಮೋಟರು ತಣ್ಣಗಾಗೋಕೆ ಬಿಟ್ಟು ಬಟನ್ ಒಳಗೆ ಒತ್ತಿದ್ರೆ ಮತ್ತೆ ಓಡುತ್ತೆ, ಅಷ್ಟೇ. ಇದು ಗೊತ್ತಿಲ್ದೇ ಸುಟ್ಟೇ ಹೋಯ್ತು ಅಂತ ಬ್ಯಾಗಿಗೆ ತುಂಬ್ಕೊಂಡು ಬಸ್ಸಲ್ಲಿ ಪೇಟೆಗೆ ಹೊತ್ಕೊಂಡು ಹೋಗೋರು ಈಗ್ಲೂ ಇದಾರೆ. ಇನ್ನು ಜಾರಿನ ಅಡಿಲಿ ಹಲ್ಲು ಹಲ್ಲಾಗಿ ಇರುತ್ತಲ್ಲ, ಕಪ್ಲರ್, ಅದು ಸವೆದು ಮುರಿಯೋದು ಮೆಷಿನ್ ಹಾಳಾಗಿದ್ದಲ್ಲ, ಜಾರ್ ಸಿಕ್ಕಿಕೊಂಡಾಗ ಆ ಹೊಡೆತ ಮೋಟರಿಗೆ ಹೋಗದ ಹಂಗೆ ಅದೇ ಮೊದಲು ಮುರಿಯುತ್ತೆ. ಕಪ್ಲರ್, ಜಾರಿನ ಬುಷ್ಷು, ಕಾರ್ಬನ್ ಬ್ರಷ್ಷು ಇವೆಲ್ಲ ಸಣ್ಣ ಖರ್ಚಿನ ಸಾಮಾನು, ರಿಪೇರಿ ಅಂಗಡಿಲಿ ಕೂತಲ್ಲೇ ಹಾಕಿಕೊಡ್ತಾರೆ. ಇಷ್ಟು ಸುಲಭಕ್ಕೆ ರಿಪೇರಿ ಆಗೋದೇ ಒಳ್ಳೇ ಮೆಷಿನ್ನಿನ ಲಕ್ಷಣ ಅಂತ ನಾನು ಗಟ್ಟಿಯಾಗಿ ನಂಬಿದೀನಿ.

ನನ್ನ ಕೇಳಿದ್ರೆ ಮಲೆನಾಡಿನ ಮನೆಗೆ ಬಂದಿರೋದ್ರಲ್ಲೆಲ್ಲ ಅತಿ ಉಪಕಾರದ ವಸ್ತು ಮಜ್ಜಿಗೆ ಕಡಿಯೋ ಮೆಷಿನ್. ಪೇಟೆಯವರಿಗೆ ಇದು ಗೊತ್ತೇ ಇರಲ್ಲ. ಚಿಕ್ಕ ಮೋಟರು, ಅದರ ಕೆಳಗೆ ಉದ್ದ ಸ್ಟೀಲ್ ಕಡ್ಡಿ, ತುದಿಲಿ ಕಡಗೋಲಿನ ತಲೆ ಥರದ್ದೊಂದು ಬ್ಲೇಡು, ಪಾತ್ರೆ ಬಾಯಿ ಮೇಲೆ ಅಡ್ಡ ಕೂರೋಕೆ ಪಟ್ಟಿ, ಬೇರೆ ಏನೂ ಇಲ್ಲ ಅದರಲ್ಲಿ. ಕೊಟ್ಟಿಗೇಲಿ ಎರಡು ಕರಾವಿನ ಹಸು ಇದ್ರೂ ದಿನಾ ಕಡಿಯೋ ಕೆಲಸ ತಪ್ಪಲ್ಲ. ಕಂಬಕ್ಕೆ ಹಗ್ಗ ಹಾಕಿ ಎಳೀತಾ ಕೂತ್ರೆ, ಚಳಿಗಾಲದಲ್ಲಂತೂ ಬೆಣ್ಣೆ ಕೂಡೋದೇ ಇಲ್ಲ, ಬಿಸಿನೀರು ಸ್ವಲ್ಪ ಸ್ವಲ್ಪ ಹಾಕ್ತಾ, ಮತ್ತೆ ಎಳೀತಾ, ಭುಜ ಬಿದ್ದೋಗುತ್ತೆ. ಈ ಮೆಷಿನ್ ಹಾಕಿಟ್ರೆ ಆ ಕಡೆ ದೋಸೆ ಹೊಯ್ತಾ ಇರಬಹುದು, ಬೆಣ್ಣೆ ಬರೋ ಹೊತ್ತಿಗೆ ಸದ್ದೇ ಬದಲಾಗುತ್ತೆ, ತೆಳ್ಳಗೆ ಜರ್ ಅಂತಿದ್ದದ್ದು ದಪ್ಪ ಆಗಿ ಪಾತ್ರೆ ಅಂಚಿಗೆ ಹರಳು ಹರಳಾಗಿ ಅಂಟ್ಕೊಳ್ಳುತ್ತೆ, ಆಗ ನಿಲ್ಲಿಸಿದ್ರಾಯ್ತು. ಮೋಟರು ಚಿಕ್ಕದು, ಇನ್ವರ್ಟರ್ ಮೇಲೂ ಓಡುತ್ತೆ. ನಮ್ಮ ಅತ್ತೆಗೆ ರಟ್ಟೆ ನೋವಿಗೆ ಡಾಕ್ಟ್ರು ಕೊಟ್ಟ ಎಣ್ಣೆ ಮಾತ್ರೆಗಿಂತ ಇದರಿಂದ ಆದ ಉಪಕಾರ ಜಾಸ್ತಿ, ಅವರೇ ಹೇಳ್ತಾರೆ.

ಬಟ್ಟೆ ವಿಷಯಕ್ಕೆ ಬರಣ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ಹೊಸನಗರ, ತೀರ್ಥಹಳ್ಳಿ ಕಡೆ ಅಷ್ಟಿಲ್ಲದಿದ್ರೂ ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗೋದು ಅನ್ನೋದೇ ಇಲ್ಲ. ಒಲೆ ಮೇಲಿನ ಅಟ್ಟದಲ್ಲಿ ಹರವಿದ್ರೆ ಹೊಗೆ ವಾಸನೆ, ಜಗುಲೀಲಿ ಹಾಕಿದ್ರೆ ಬೂಷ್ಟು, ಮಕ್ಕಳ ಯೂನಿಫಾರ್ಮನ್ನ ಇಸ್ತ್ರಿಪೆಟ್ಟಿಗೇಲಿ ಒತ್ತಿ ಒತ್ತಿ ಒಣಗಿಸಿ ಕಳಿಸೋದು. ಹಾಗಾಗಿ ನಮ್ಮಲ್ಲಿ ವಾಷಿಂಗ್ ಮೆಷಿನ್ ಅಂದ್ರೆ ಒಗೆಯೋದಕ್ಕಿಂತ ಹಿಂಡೋದೇ ಮುಖ್ಯ. ಇಲ್ಲೇ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಎರಡು ತೊಟ್ಟಿ ಇರೋ ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಸ್ಪಿನ್ನರ್ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತೆ, ಮೇಲಿಂದ ಬಟ್ಟೆ ಹಾಕೋ ಫುಲ್ ಆಟೋಮ್ಯಾಟಿಕ್ ಸಾಮಾನ್ಯಕ್ಕೆ 700ರ ಹತ್ತಿರ. ಕಡಿಮೆ ದುಡ್ಡಿನ ಮೆಷಿನ್ನೇ ನಮ್ಮ ಮಳೆಗೆ ಜಾಸ್ತಿ ಚೆನ್ನಾಗಿ ಹಿಂಡುತ್ತೆ ಅಂತಾಯ್ತು.

ನಮ್ಮ ಪರಿಚಯದ ಒಬ್ಬರು ಅಮ್ಮ ಇದಾರೆ, ಹೊಸನಗರದ ಆಚೆ, ಗುಡ್ಡದ ಝರಿಯಿಂದ ಪೈಪಲ್ಲಿ ತಾನಾಗೇ ಇಳಿದು ಬರೋ ಅಬ್ಬಿ ನೀರಿನ ಮನೆ. ಮಗ ಬೆಂಗಳೂರಿಂದ ಪ್ರೀತಿಯಿಂದ ದೊಡ್ಡ ಫುಲ್ ಆಟೋಮ್ಯಾಟಿಕ್ ಕಳಿಸಿದ. ಅಬ್ಬಿ ನೀರಿಗೆ ಆ ಮೆಷಿನ್ ಕೇಳೋಷ್ಟು ಪ್ರೆಶರ್ ಇಲ್ಲ, ಮಳೆಗಾಲದಲ್ಲಿ ನೀರಿನ ಜೊತೆ ಮಣ್ಣು, ಎಲೆ ಚೂರು ಬಂದು ಪೈಪ್ ಸೇರೋ ಕಡೆ ಇರೋ ಸಣ್ಣ ಜಾಲರಿಗೆ ಕಟ್ಕೊಳ್ಳುತ್ತೆ, ಮೆಷಿನ್ ಪೀ ಪೀ ಅಂತ ಕೂಗಿ ನಿಲ್ಲುತ್ತೆ. ಸರ್ವಿಸ್‌ನವರು ಶಿವಮೊಗ್ಗದಿಂದ ಬರಬೇಕು, ಘಟ್ಟದ ರೋಡು, ಬರೋ ಹೊತ್ತಿಗೆ ವಾರ ಕಳೆದಿರುತ್ತೆ. ಈಗ ಅದರ ಮೇಲೆ ಬೆಡ್‌ಶೀಟ್ ಹೊದಿಸಿ ಹಪ್ಪಳದ ಡಬ್ಬಿ ಇಟ್ಟಿದಾರೆ, ಅಮ್ಮ ಬಟ್ಟೆಕಲ್ಲಿಗೇ ವಾಪಸ್. ಮಗನ ಪ್ರೀತಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಒಂದು ಫೋನ್ ಮಾಡಿ "ಅಮ್ಮಾ, ನಿಂಗೆ ಎಂಥದು ಬೇಕು, ಬಚ್ಚಲಲ್ಲಿ ನೀರು ಹೆಂಗೆ ಬರುತ್ತೆ" ಅಂತ ಕೇಳಿದ್ರೆ, ಬಕೆಟ್ಟಲ್ಲಿ ನೀರು ಹೊಯ್ದು ನಡೆಸೋ ಸೆಮಿ ಆಟೋಮ್ಯಾಟಿಕ್ ಅರ್ಧ ದುಡ್ಡಿಗೆ ಬರ್ತಿತ್ತು, ಮಧ್ಯ ಕರೆಂಟ್ ಹೋದ್ರೂ ಬಂದ ಮೇಲೆ ಟೈಮರ್ ಮತ್ತೆ ತಿರುಗಿಸಿದ್ರೆ ಮುಂದೆ ಓಡ್ತಿತ್ತು.

ಕರೆಂಟ್ ವಿಷಯ ಬಂತಲ್ಲ, ನಮ್ಮ ಶರಾವತಿ ನೀರಿಂದ 1948ರಲ್ಲೇ ಜೋಗದಲ್ಲಿ ವಿದ್ಯುತ್ ಶುರುವಾಯ್ತು, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಯ್ತು, ಎಷ್ಟೋ ಮನೆ, ತೋಟ, ಗದ್ದೆ ಮುಳುಗಿ ಹೋಯ್ತು. ಅದೇ ಸಾಗರ, ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ದಿನಗಟ್ಟಲೆ ಕತ್ತಲೆ. ಇದು ನಂಗೆ ಹೊಟ್ಟೆ ಉರಿಯೋ ವಿಷಯ, ಅದನ್ನ ಇನ್ನೊಂದು ದಿನ ಬರೀತೀನಿ. ಇಲ್ಲಿ ಹೇಳಬೇಕಾಗಿದ್ದು ಏನಂದ್ರೆ, ಒಳಗೆ ಎಲೆಕ್ಟ್ರಾನಿಕ್ ಬೋರ್ಡು ಇರೋ ಯಾವ ವಸ್ತು ಆದ್ರೂ, ಇಂಡಕ್ಷನ್ ಒಲೆ, ಟಿವಿ, ಹೊಸ ಫ್ರಿಜ್ಜು, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಲೇಬೇಕು, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಒಳಗಿನ ಹಳ್ಳಿಯವರು ಇಂಡಕ್ಷನ್ ಒಂದನ್ನೇ ನಂಬ್ಕೊಂಡು ಕೂರಬೇಡಿ, ವೋಲ್ಟೇಜ್ ಇಳಿದ್ರೆ ಅದು ಕೆಲಸನೇ ಮಾಡಲ್ಲ.

ಬಿಲ್ಲಿಗೆ ಹೆದರಿ ಗ್ರೈಂಡರ್ ಬೇಡ ಅನ್ನೋರಿಗೆ ಲೆಕ್ಕ ಹೇಳ್ತೀನಿ ಕೇಳಿ. 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ಓಡಿದ್ರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗನೂ ಆಗಲ್ಲ. 750 ವ್ಯಾಟಿನ ಮಿಕ್ಸಿ ಹತ್ತು ನಿಮಿಷಕ್ಕೆ ಯೂನಿಟ್ಟಿನ ಎಂಟನೇ ಒಂದು ಭಾಗ. ಸರ್ಕಾರದ ಫ್ರೀ ಕರೆಂಟಿನ ಗೃಹಜ್ಯೋತಿ ಇದ್ದವರಿಗೆ ಫ್ರೀ ಕೊಟ್ಟ ಮಿತಿ ದಾಟಿದ್ರೆ ದುಡ್ಡು ಬೀಳುತ್ತೆ ನಿಜ, ಆದ್ರೆ ಅದು ಏರೋದು ಗೀಸರಿಂದ, ಗ್ರೈಂಡರಿಂದ ಅಲ್ಲ. ಗೀಸರಾದ್ರೂ ನಮಗೆಂತಕ್ಕೆ, ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಬೇಕಾದಷ್ಟಿದೆ. ಸೋಲಾರ್ ಹಾಕ್ಸಿದ ಮನೆಯವರೂ ಮಳೆಗಾಲದಲ್ಲಿ ಹಂಡೆಗೇ ಬೆಂಕಿ ಹಾಕೋದು.

ಒಲೆ ಅಂದ ಕೂಡ್ಲೇ ಅಸ್ತ್ರ ಒಲೆ ನೆನಪು ಮಾಡ್ಕೊಳ್ಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಹಳ್ಳಿ ಕೆಲಸಕ್ಕೆ ಅಂತಲೇ ಅಸ್ತ್ರ ಅನ್ನೋ ಕೇಂದ್ರ ಶುರುವಾಯ್ತು, ಅಲ್ಲಿನ ವಿಜ್ಞಾನಿಗಳು ತುಮಕೂರು ಜಿಲ್ಲೆ ಉಂಗ್ರ ಅನ್ನೋ ಹಳ್ಳೀಲಿ ಜನರ ಜೊತೆ ಕೆಲಸ ಮಾಡಿದ್ರು. ಅಲ್ಲಿಂದ ಬಂದ ಒಲೆ ಇದು. ಬೆಂಕಿ ಒಂದೇ ಕಡೆ, ಅದರ ಶಾಖ ಮೂರು ಪಾತ್ರೆ ದಾಟಿ ಚಿಮಣಿಗೆ ಹೋಗುತ್ತೆ, ಹೊಗೆ ಮನೆ ಒಳಗಿಲ್ಲ, ಕಟ್ಟಿಗೆ ಖರ್ಚೂ ಕಮ್ಮಿ. ಹೊಗೆ ಕುಡಿದು ಕೆಮ್ಮಿ ಕಣ್ಣು ಕೆಂಪು ಮಾಡ್ಕೊಂಡ ಹೆಂಗಸರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಗ್ಯಾಸ್ ಬಂದ ಮೇಲೂ ದೊಡ್ಡ ಅಡುಗೆಗೆ ಇದನ್ನೇ ಉರಿಸೋ ಮನೆಗಳಿವೆ, ಚಿಮಣಿ ಮಸಿ ಆಗಾಗ ತೆಗೀತಿದ್ರೆ ಸಾಕು.

ಬೇಡ ಅನ್ನೋ ವಸ್ತುಗಳೂ ಇವೆ. ಜಾತ್ರೇಲಿ ಕೂಗಿ ಕೂಗಿ ಮಾರೋ ಪ್ಲಾಸ್ಟಿಕ್ ತರಕಾರಿ ಕಟರ್ ಆಲೂಗಡ್ಡೆಗೆ ಸರಿ, ನಮ್ಮ ಹಲಸಿನ ಗುಜ್ಜೆಗೆ, ಸುವರ್ಣಗೆಡ್ಡೆಗೆ, ಬಾಳೆದಿಂಡಿಗೆ ಆಗಲ್ಲ, ಈಳಿಗೆಮಣೆನೇ ಬೇಕು. ಆದ್ರೆ ನೆಲಕ್ಕೆ ಕೂರೋಕಾಗದ ಅಮ್ಮಂದಿರಿಗೆ ಈಳಿಗೆಯನ್ನೇ ಕಟ್ಟೆ ಎತ್ತರಕ್ಕೆ ಗಟ್ಟಿಯಾಗಿ ಕೂರಿಸಿಕೊಡಿ, ಕಾಯಿ ತುರಿಯೋಕೂ ಕಟ್ಟೆಗೆ ಕಚ್ಚಿಸಿ ಕೈಲಿ ತಿರುಗಿಸೋ ತುರಿಮಣೆ ಸಿಗುತ್ತೆ. ತಲೆಗೆ ಕಟ್ಕೊಳ್ಳೋ ಚಾರ್ಜ್ ಟಾರ್ಚ್ ಒಂದು ಇರ್ಲಿ, ರಾತ್ರಿ ಕೊಟ್ಟಿಗೆಗೆ ಹೋಗೋವಾಗ ಎರಡೂ ಕೈ ಖಾಲಿ ಇರುತ್ತೆ.

ಈ ಸಲ ವ್ಯಾಪಾರದ ಮಂಡಿಗೆ ಅಡಿಕೆ ಹಾಕಿ ದುಡ್ಡು ಬಂದಾಗ ನೀವೇ ಹೋಗಿ ಏನೋ ಒಂದು ತಂದು ಅಡುಗೆಮನೇಲಿ ಇಡಬೇಡಿ. ಅಮ್ಮನೋ, ಅತ್ತೆನೋ, ಹೆಂಡ್ತಿನೋ, ಯಾರು ಬಳಸ್ತಾರೋ ಅವರನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ, ಎರಡು ಮೂರು ಅಂಗಡಿ ಹತ್ತಿಸಿ. ಗ್ರೈಂಡರ್ ಕಲ್ಲು ಎತ್ತಿ ಭಾರ ಅವರೇ ನೋಡ್ಲಿ, ತೊಳೆಯೋಕೆ ಬಗ್ಗಿಸೋ ಥರದ್ದು ಬೇಕಾ ಅಂತ ಅವರೇ ಹೇಳ್ಲಿ, ಜಾರಿನ ಹಿಡಿ ಅವರ ಕೈಗೆ ಕೂರುತ್ತಾ ನೋಡ್ಲಿ. ರಿಪೇರಿ ಸಾಗರದಲ್ಲಿ ಆಗುತ್ತಾ, ತೀರ್ಥಹಳ್ಳೀಲಿ ಆಗುತ್ತಾ ಅಂತ ದುಡ್ಡು ಕೊಡೋ ಮೊದಲೇ ಕೇಳಿ. ಮಿಕ್ಸಿ ತಗೊಂಡ್ರೆ ಒಂದು ಎಕ್ಸ್‌ಟ್ರಾ ಕಪ್ಲರ್, ಮುಚ್ಚಳದ ಒಂದು ವಾಷರ್ ಅವತ್ತೇ ಇಸ್ಕೊಂಡು ಬನ್ನಿ, ಜುಲೈ ಮಳೇಲಿ ಅದಕ್ಕೋಸ್ಕರ ಪೇಟೆಗೆ ಹೋಗೋದು ಕಷ್ಟ.