ಎಂಟೆದೆ ಬೇಡ, ಎರಡು ಸಾಕು

ಕನ್ನಡಿಗರು ಧೈರ್ಯವನ್ನು ಎದೆಯಲ್ಲಿ ಇಟ್ಟುಕೊಂಡವರು. ಗುಂಡಿಗೆ ಗಟ್ಟಿಯಿದ್ದರೆ ಸಾಧಾರಣ ಧೈರ್ಯ, ಎಂಟೆದೆಯಿದ್ದರೆ ಬಂಟ. ಸ್ಪೇನಿನವರು ಅದೇ ಸರಕನ್ನು ಎರಡು ಗೇಣು ಕೆಳಗಿಟ್ಟರು, ಎಂಟರ ಬದಲು ಎರಡಕ್ಕೇ ತೃಪ್ತರಾದರು. ಹೆಸರು ಕೊಹೋನೆಸ್. ಮಡಿ ಮಾತಿನಲ್ಲಿ ವೃಷಣ. ಈ ಪದ ಈಗ ಇಂಗ್ಲಿಷಿನಲ್ಲೂ ಓಡಾಡುತ್ತಿದೆ, ಅಲ್ಲಿಂದ ನಮ್ಮವರ ವಾಟ್ಸಾಪಿಗೂ ಬಂದಿದೆ. ಹಾಗಾಗಿ ಬಳಸುವ ಕ್ರಮ ತಿಳಿದಿರುವುದು ಮಾನಕ್ಕೆ ಒಳ್ಳೆಯದು.

ಇಂಗ್ಲಿಷಿಗೆ ಇದನ್ನು ಪರಿಚಯಿಸಿದ ಕೀರ್ತಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇಗೆ. ಗೂಳಿಕಾಳಗದ ಬಗ್ಗೆ 1932ರಲ್ಲಿ ಬಂದ ಅವನ ಪುಸ್ತಕದ ಕೊನೆಯಲ್ಲಿ ಒಂದು ಪದಕೋಶವಿದೆ. ಶೂರನಿಗೆ ಇವು ಧಾರಾಳವಾಗಿ ಇರುತ್ತವೆ, ಹೇಡಿಗೆ ಇರುವುದೇ ಇಲ್ಲ ಎಂಬ ಅರ್ಥದ ವಿವರಣೆಯನ್ನು ಅಲ್ಲಿ ಗಂಭೀರವಾಗಿಯೇ ಕೊಟ್ಟಿದ್ದಾನೆ. 1996ರಲ್ಲಿ ಪದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೇ ಹೋಯಿತು. ಕ್ಯೂಬಾದ ಯುದ್ಧವಿಮಾನಗಳು ಎರಡು ಪುಟ್ಟ ನಾಗರಿಕ ವಿಮಾನಗಳನ್ನು ಹೊಡೆದುರುಳಿಸಿ ನಾಲ್ವರು ಸತ್ತಿದ್ದರು. ಹೊಡೆದ ಪೈಲಟ್ ರೇಡಿಯೊದಲ್ಲಿ ಈ ಪದ ಹೇಳಿಯೇ ಬೀಗಿದ್ದ. ಅಮೆರಿಕದ ರಾಯಭಾರಿ ಮ್ಯಾಡಲೀನ್ ಆಲ್‌ಬ್ರೈಟ್, ಇದು ಕೊಹೋನೆಸ್ ಅಲ್ಲ, ಹೇಡಿತನ ಎಂದುಬಿಟ್ಟರು. ಅದೇ ಅರ್ಥದ ಇಂಗ್ಲಿಷ್ ಪದ ಬಳಸಿದ್ದರೆ ಸಭೆ ಮುಜುಗರಪಡುತ್ತಿತ್ತು. ಪರಭಾಷೆಯ ಬೈಗುಳಕ್ಕೆ ಕೊಳೆ ಕಾಣಿಸುವುದಿಲ್ಲ, ಬಣ್ಣ ಮಾತ್ರ ಕಾಣಿಸುತ್ತದೆ.

ಎಡವಟ್ಟು ಶುರುವಾಗುವುದು ಕಾಗುಣಿತದಲ್ಲಿ. ಒತ್ತು ಬೀಳುವುದು ನಡುವಿನ 'ಹೋ' ಮೇಲೆ. ಒತ್ತಿಲ್ಲದ ಸ್ವರವನ್ನು ಇಂಗ್ಲಿಷ್ ನಾಲಿಗೆ ಅರ್ಧ ನುಂಗುವುದರಿಂದ ಅವರ ಬಾಯಲ್ಲಿ ಮೊದಲಕ್ಷರ 'ಕೊ'ನೋ 'ಕ'ನೋ ಗೊತ್ತಾಗುವುದಿಲ್ಲ. ಕಿವಿಗೆ ಬಿದ್ದಂತೆ ಬರೆಯುವವರು ಒತ್ವ ಬಿಟ್ಟು ತಲೆಕಟ್ಟು ಹಾಕುತ್ತಾರೆ: ಕಹೋನೆಸ್. ಸ್ಪ್ಯಾನಿಷಿನಲ್ಲಿ ಅದು ಬೇರೆಯೇ ಪದ, ಮೇಜಿನ ಡ್ರಾಯರ್‌ಗಳು ಎಂದರ್ಥ. "ನಮ್ಮ ಕ್ಯಾಪ್ಟನ್‌ಗೆ ಭಾರಿ ಕಹೋನೆಸ್ ಕಣ್ರೀ" ಎಂದು ಪೋಸ್ಟ್ ಹಾಕಿದವನು ಕ್ಯಾಪ್ಟನ್‌ನ ಪೀಠೋಪಕರಣವನ್ನು ಹೊಗಳಿದಂತಾಯಿತು. ಏಕವಚನ ಕಹೋನ್ ಎಂದರೆ ಪೆರುವಿನ ಮರದ ಪೆಟ್ಟಿಗೆ ವಾದ್ಯವೂ ಹೌದು. ಅದರ ಮೇಲೆಯೇ ಕುಳಿತು ಮುಂದಿನ ತೆಳು ಹಲಗೆಗೆ ಅಂಗೈಯಿಂದ ಬಡಿಯುತ್ತಾರೆ, ನಾದ ಹೊರಬರುವ ತೂತು ಹಿಂಬದಿಗಿರುತ್ತದೆ. ಬೆಂಗಳೂರಿನ ಕೆಫೆಗಳಲ್ಲಿ ಗಿಟಾರಿನ ಪಕ್ಕ ಕಾಣುವುದು ಇದೇ. ಅದನ್ನು ನುಡಿಸುವವರ ಮುಂದೆ ಉಚ್ಚಾರ ಎತ್ತ ತಪ್ಪಿದರೂ ಕಷ್ಟ.

ಕಾಗುಣಿತ ಸರಿಯಾದ ಮೇಲೆ ಲೆಕ್ಕ ಬರುತ್ತದೆ, ಸ್ಪೇನಿನಲ್ಲಿ ಅದು ಬಲು ತರಲೆ. ವಸ್ತುವಿನ ಬೆಲೆ ಒಂದು ಕೊಹೋನ್ ಎಂದರೆ ವಿಪರೀತ ದುಬಾರಿ. ಮನುಷ್ಯನಿಗೆ ಎರಡು ಇವೆ ಎಂದರೆ ಧೀರ. ಒಂದು ವಿಷಯ ನನಗೆ ಮೂರು ಕೊಹೋನೆಸ್ ಎಂದರೆ ಕವಡೆ ಕಿಮ್ಮತ್ತೂ ಇಲ್ಲ. ಜಾಸ್ತಿಯಾದಷ್ಟೂ ಬೆಲೆ ಇಳಿಯುವ ಈ ಗಣಿತಕ್ಕೆ ಎಂಟೆದೆಯ ನಾವು ತಲೆ ಕೊಡಬಾರದು. ಪ್ರತ್ಯಯಗಳದ್ದು ಇನ್ನೊಂದು ಪಾಡು: ಕೊಹೊನೂದೊ ಎಂದರೆ ಬೊಂಬಾಟ್, ಅಕೊಹೊನಾದೊ ಎಂದರೆ ಹೆದರಿ ನಡುಗಿದವನು. ಹೊಗಳಲು ಹೋಗಿ ಮುಂದೊಂದು 'ಅ' ಸೇರಿತೋ, ಮುಗಿಯಿತು.

ಮುಖ್ಯವಾದ ಮಾತೆಂದರೆ ಇಂಗ್ಲಿಷಿನಲ್ಲಿ ತಮಾಷೆಯಾದದ್ದು ಸ್ಪ್ಯಾನಿಷಿನಲ್ಲಿ ಪೋಲಿಯಾಗಿಯೇ ಉಳಿದಿದೆ. ಮ್ಯಾಡ್ರಿಡ್ಡಿನ ಕ್ಲೈಂಟ್ ಜೊತೆ ಮೀಟಿಂಗಿನಲ್ಲಿರುವ ಐಟಿ ಹುಡುಗರು, ಎದುರಿನವರ ಧೈರ್ಯ ಮೆಚ್ಚಲೇಬೇಕಿದ್ದರೆ 'ಅಗಾಯಾಸ್' ಎನ್ನಬಹುದು. ಮೂಲಾರ್ಥ ಮೀನಿನ ಕಿವಿರು. ಹಿರಿಯರ ಎದುರೂ ನಡೆಯುತ್ತದೆ. ತೀರಾ ಔಪಚಾರಿಕ ಬೇಕಿದ್ದರೆ 'ವಲೋರ್'.

ಮೆಕ್ಸಿಕೊಗೆ ಹೋದರೆ ಇವಿಷ್ಟೂ ಮರೆತು ಮೊಟ್ಟೆಯ ಕಡೆ ಗಮನ ಕೊಡಬೇಕು. ಅಲ್ಲಿ ಆ ಜಾಗದ ರೂಢಿಯ ಹೆಸರು ವೇವೊಸ್, ಎಂದರೆ ಮೊಟ್ಟೆಗಳು. ವೇವೊಸ್ ಇರುವವನು ಗಂಡುಗಲಿ. ಆದರೆ ಅದೇ ಮೊಟ್ಟೆಯಿಂದ ಹುಟ್ಟಿದ 'ವೆವೋನ್' ಎಂದರೆ ಅಪ್ಪಟ ಸೋಮಾರಿ, ಭಾರಕ್ಕೆ ಏಳಲಾರದವನು. ಚಿಲಿಯಲ್ಲಿ ಅದೇ ಪದ ಗೆಳೆಯರ ನಡುವಿನ ಸಲುಗೆಯ ಕರೆ, ನಮ್ಮ 'ಮಗಾ' ಇದ್ದ ಹಾಗೆ, ಧ್ವನಿ ಬದಲಾದರೆ ಬೈಗುಳ.

ಆಪತ್ತು ಕಾದಿರುವುದು ಕಿರಾಣಿ ಅಂಗಡಿಯಲ್ಲಿ. ಕನ್ನಡದಲ್ಲಿ 'ನಿಮ್ಮ ಹತ್ತಿರ ಮೊಟ್ಟೆ ಇದೆಯಾ' ಎಂದಾಗ ಅಂಗಡಿಯ ಮಾತು ಎಂದು ಯಾರಿಗೂ ಗೊತ್ತಾಗುತ್ತದೆ. ಸ್ಪ್ಯಾನಿಷಿನಲ್ಲಿ ಗೂಡಂಗಡಿಯ ಸರಕಿಗೂ ಮೈಯ ಅಂಗಕ್ಕೂ ಒಂದೇ ಕ್ರಿಯಾಪದ. 'ತಿಯೇನೆ ವೇವೊಸ್?' ಎಂದರೆ ಮೊಟ್ಟೆ ಇದೆಯೇ ಎಂದೂ ಆಯಿತು, ನೀನು ಗಂಡಸೇ ಎಂದೂ ಆಯಿತು. ಅಂಗಡಿಯವನು ತರಲೆಯಾದರೆ ಸಾಲಿನಲ್ಲಿ ನಿಂತವರೆಲ್ಲ ನಗುವಂತೆ ಉತ್ತರ ಕೊಡುತ್ತಾನೆ. ಇದರ ಕಾಟಕ್ಕೇ ಅಲ್ಲಿ ಕೆಲವರು ಮೊಟ್ಟೆಗೆ 'ಬ್ಲಾಂಕೀಯೊಸ್', ಎಂದರೆ ಪುಟ್ಟ ಬಿಳಿಯವು, ಎನ್ನುತ್ತಾರೆ. ಇನ್ನೂ ಸಲೀಸಾದ ದಾರಿ ಬೇಕಿದ್ದರೆ ಪ್ರಶ್ನೆ ಕೇಳದೆ, ಬಹುವಚನವನ್ನೂ ಬಿಟ್ಟು, 'ಉನ್ ಕಿಲೊ ದೆ ವೇವೊ, ಪೊರ್ ಫವೋರ್' ಎಂದರಾಯಿತು. ಅಲ್ಲಿ ಮೊಟ್ಟೆಯನ್ನು ತೂಕಕ್ಕೆ ಮಾರುವುದು ರೂಢಿ, ಕಿಲೊಗೆ ಹೆಚ್ಚುಕಡಿಮೆ 16 ಬರುತ್ತವೆ.