ಹೊಸ ಗೀಸರ್, ಹೊಸ ಶವರ್, ನೀರು ಮಾತ್ರ ತಣ್ಣಗೆ

ದುಡ್ಡು ಸುರಿದು ಹೊಸ ಗೀಸರ್ ಹಾಕಿಸಿ, ಶವರ್ ಕೆಳಗೆ ನಿಂತರೆ ತಣ್ಣೀರು ಬಂದರೆ ಯಾರಿಗಾದರೂ ಹೊಟ್ಟೆ ಉರಿಯಲ್ವಾ? ಕೇಳಿದರೆ ಅಂಗಡಿಯವನು ಪ್ಲಂಬರ್ ಕಡೆ, ಪ್ಲಂಬರ್ ಎಲೆಕ್ಟ್ರಿಷಿಯನ್ ಕಡೆ, ಎಲೆಕ್ಟ್ರಿಷಿಯನ್ ಕಂಪನಿ ಕಡೆ ಕೈ ತೋರಿಸುತ್ತಾನೆ. ಎಲ್ಲರೂ ದುಡ್ಡು ಎಣಿಸಿಕೊಂಡು ಹೋದವರೇ.

ಮೈಸೂರಿನ ನಮ್ಮ ಮನೆಯ ಬಚ್ಚಲಲ್ಲಿ ಮೊನ್ನೆವರೆಗೂ ಹಂಡೆ ಇತ್ತು. ಅಮ್ಮನಿಗೆ ಮಂಡಿ ನೋವು, ಬಗ್ಗಿ ಚೊಂಬಿನಲ್ಲಿ ನೀರು ಮೊಗೆದುಕೊಳ್ಳೋಕೆ ಆಗಲ್ಲ ಅಂತಲೇ ಅದನ್ನು ಕೀಳಿಸಿ ಶವರ್ ಹಾಕಿಸಿದ್ದು. ಅಂಗಡಿಯಲ್ಲಿ ಇದನ್ನೆಲ್ಲಾ ಬಿಡಿಸಿ ಹೇಳಿದ್ದೆ. ವಯಸ್ಸಾದವರು, ಧನುರ್ಮಾಸದಲ್ಲಿ ಬೆಳಗಿನ ಜಾವ ಸ್ನಾನ ಮಾಡಿಯೇ ಪೂಜೆಗೆ ಕೂರೋದು, ಮೇಲಿಂದ ಬೀಳೋ ದೊಡ್ಡ ಶವರ್ ಅಂತ. ಅವನು ‘ಹಾಗಾದ್ರೆ ಇನ್‌ಸ್ಟಂಟ್ ತಗೊಳ್ಳಿ ಸಾರ್, 3 ಲೀಟರ್, 3 ಕಿಲೋವ್ಯಾಟ್, ಸ್ವಿಚ್ ಹಾಕಿದ್ರೆ ಸಾಕು, ಕಾಯೋದೇ ಬೇಡ’ ಅಂದ. ಶವರ್‌ನಲ್ಲಿ ನೀರು ಎಷ್ಟು ಜೋರಾಗಿ ಬರುತ್ತೆ, ಪ್ರೆಷರ್ ಪಂಪ್ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ.

ಮೊದಲ ದಿನವೇ ಅಮ್ಮ ನಡುಗಿಕೊಂಡು ಹೊರಗೆ ಬಂದರು. ಶುರುವಿನಲ್ಲಿ ಸುಡುವಷ್ಟು ಬಿಸಿ, ಮೈಗೆ ಸೋಪು ಹಚ್ಚುವಷ್ಟರಲ್ಲಿ ಪೂರ್ತಿ ತಣ್ಣಗೆ. ಪ್ಲಂಬರ್ ಬಂದ, ‘ಪೈಪಲ್ಲಿ ಏರ್ ಹಿಡ್ಕೊಂಡಿದೆ’ ಅಂತ ಎರಡು ನಲ್ಲಿ ತಿರುಗಿಸಿ ಹೋದ. ಎಲೆಕ್ಟ್ರಿಷಿಯನ್ ಬಂದ, ಸಾಕೆಟ್‌ಗೆ ಟೆಸ್ಟರ್ ಇಟ್ಟ, ಅದು ಉರಿಯಿತು, ‘ಕರೆಂಟ್ ಬರ್ತಿದೆ, ನಮ್ಮ ಕಡೆ ಪ್ರಾಬ್ಲಂ ಇಲ್ಲ’ ಅಂದ. ಟೆಸ್ಟರ್ ಕರೆಂಟ್ ಇದೆ ಅಂತ ಹೇಳುತ್ತೆ, ಎಷ್ಟು ವೋಲ್ಟ್ ಇದೆ ಅಂತ ಹೇಳುತ್ತಾ? ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ 3 ಕಿಲೋವ್ಯಾಟ್ ಗೀಸರ್ ಸುಮಾರು 2 ಕಿಲೋವ್ಯಾಟ್ ಕೆಲಸವನ್ನಷ್ಟೇ ಮಾಡುತ್ತೆ. ಮೀಟರ್ ಇಟ್ಟು ನೋಡಿ ಅಂದರೆ ಮೀಟರೇ ತಂದಿಲ್ಲ! ಸರ್ವಿಸ್‌ನವರು ಬರೋದಕ್ಕೆ ಇನ್ನೊಂದು ವಾರ.

ಕೊನೆಗೆ ನಾನೇ ಕೂತು ಒಂದೊಂದಾಗಿ ನೋಡಿದೆ. ನೀಲಿ ಗುರುತಿನ ಕಡೆ ತಣ್ಣೀರು ಒಳಗೆ, ಕೆಂಪು ಗುರುತಿನ ಕಡೆ ಬಿಸಿನೀರು ಹೊರಗೆ, ಪೈಪ್ ಅದಲು ಬದಲಾಗಿಲ್ಲ. ಗೀಸರ್‌ಗೆ ನೀರು ಹೋಗೋ ಆಂಗಲ್ ಕಾಕ್ ಅನ್ನೋ ಚಿಕ್ಕ ನಲ್ಲಿ ಮುಚ್ಚಿ, ಬಿಸಿನೀರು ತಣ್ಣೀರು ಬೆರೆಸೋ ಮಿಕ್ಸರ್‌ನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದೆ. ಪೈಪಲ್ಲಿ ಉಳಿದಿದ್ದ ನಾಲ್ಕು ಹನಿ ಬಿದ್ದು ನಿಂತಿತು. ಅಂದ್ರೆ ತಣ್ಣೀರು ಮಿಕ್ಸರ್ ಒಳಗಿಂದ ಬಿಸಿನೀರಿನ ಪೈಪಿಗೆ ನುಗ್ಗುತ್ತಿಲ್ಲ. ಆಮೇಲೆ ಗೀಸರ್ ಮೇಲಿನ ಕೆಂಪು ದೀಪ ನೋಡಿದೆ. ತಣ್ಣೀರು ಬೀಳ್ತಾ ಇರುವಾಗಲೂ ಅದು ಆರಲೇ ಇಲ್ಲ, ಉರೀತಾನೇ ಇತ್ತು. ಗೀಸರ್ ಪಾಪ ಕಾಯಿಸ್ತಾನೇ ಇದೆ, ನೀರು ನಿಲ್ಲದೆ ಓಡ್ತಾ ಇದೆ.

ಶವರ್ ಕೆಳಗೆ ಬಕೆಟ್ ಇಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿದರೆ ನಿಮಿಷಕ್ಕೆ 10 ಲೀಟರ್. ಈಗ ಲೆಕ್ಕ ಹಾಕಿ. 3 ಕಿಲೋವ್ಯಾಟ್ ಗೀಸರ್ ನಿಮಿಷಕ್ಕೆ 10 ಲೀಟರ್ ನೀರನ್ನು ಬಿಸಿ ಮಾಡೋದು ಬರೀ 4 ಡಿಗ್ರಿ ಚಿಲ್ಲರೆ! ಚಳಿಗಾಲದ ಬೆಳಗ್ಗೆ ಟ್ಯಾಂಕ್ ನೀರು 20 ಡಿಗ್ರಿ ಅಂತಿಟ್ಟುಕೊಂಡರೆ ತಲೆ ಮೇಲೆ ಬೀಳೋದು 24. ಹದವಾದ 40 ಡಿಗ್ರಿ ಬೇಕಂದ್ರೆ ನಿಮಿಷಕ್ಕೆ 2 ಲೀಟರ್‌ಗಿಂತ ಜಾಸ್ತಿ ಬಿಡೋ ಹಾಗಿಲ್ಲ, ಅಷ್ಟರಲ್ಲಿ ಆ ದೊಡ್ಡ ಶವರ್‌ನಿಂದ ಸರಿಯಾಗಿ ನೀರೇ ಬೀಳಲ್ಲ. ಮೊದಲು ಬಂದ ಬಿಸಿ ಗೀಸರ್ ಒಳಗೆ ಕಾದು ನಿಂತಿದ್ದ ಆ 3 ಲೀಟರ್‌ದು, ಅಷ್ಟೇ. ಇದು ಅಡುಗೆಮನೆ ಸಿಂಕ್‌ಗೆ ಹಾಕೋ ಸಾಮಾನು. ಬ್ರಿಟನ್ನಿನಲ್ಲಿ ನೇರವಾಗಿ ನೀರು ಕಾಯಿಸೋ ಎಲೆಕ್ಟ್ರಿಕ್ ಶವರ್‌ಗಳು 8, 9, 10 ಕಿಲೋವ್ಯಾಟ್ ಇರುತ್ತವೆ, ಅದಕ್ಕೇ ಬೇರೆ ದಪ್ಪ ವೈರ್ ಎಳೆದಿರುತ್ತಾರೆ. ನಮ್ಮ 16 ಆಂಪ್ ಸಾಕೆಟ್‌ನಿಂದ ಮೂರೂವರೆ ಕಿಲೋವ್ಯಾಟ್ ದಾಟೋದೇ ಕಷ್ಟ. ನಮ್ಮಂಥ ಮನೆಗೆ ಬೇಕಿದ್ದದ್ದು ನೀರನ್ನು ಮೊದಲೇ ಕಾಯಿಸಿ ಇಟ್ಟುಕೊಳ್ಳೋ 25 ಲೀಟರ್ ಸ್ಟೋರೇಜ್ ಗೀಸರ್. ಅದರ 60 ಡಿಗ್ರಿ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹೆಚ್ಚುಕಮ್ಮಿ 50 ಲೀಟರ್ ಹದವಾದ ನೀರು ಸಿಗುತ್ತೆ. ಒಬ್ಬರ ಸ್ನಾನಕ್ಕೆ ಧಾರಾಳ ಸಾಕು.

ನನಗೆ ಸಿಟ್ಟು ಇರೋದು ಇಲ್ಲೇ. ಇದು ದಿನಾ ಗೀಸರ್ ಮಾರೋನಿಗೆ ಗೊತ್ತಿರಬೇಕಾದ ವಿಷಯ. ಫಿಟ್ ಮಾಡೋನಿಗೂ ಶವರ್ ಕಣ್ಣೆದುರಿಗೇ ಇತ್ತು, ‘ಇದಕ್ಕೆ ಇದು ಸಾಲಲ್ಲ ಸಾರ್’ ಅಂತ ಬಾಯಿ ಬಿಟ್ಟಿದ್ದರೆ ಗೋಡೆಗೆ ತೂತು ಹೊಡೆಯೋ ಮುಂಚೆಯೇ ವಾಪಸ್ ಕೊಡ್ತಿದ್ದೆ. ಡಬ್ಬಿ ಮೇಲೆ 3 ಲೀಟರ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ, ನಿಮಿಷಕ್ಕೆ ಇಷ್ಟು ನೀರು ಬಿಟ್ಟರೆ ಇಷ್ಟು ಡಿಗ್ರಿ ಬಿಸಿ ಅಂತ ಒಂದು ಸಾಲು ಹಾಕೋಕೆ ಏನು ಕಷ್ಟ?

ಬಿಲ್ ಹಿಡ್ಕೊಂಡು ಅಂಗಡಿಗೆ ಹೋಗಿ, ಮೇಲಿನ ದುಡ್ಡು ಕೊಡ್ತೀನಿ, ಸ್ಟೋರೇಜ್ ಕೊಡಿ ಅಂದೆ. ‘ಫಿಟ್ ಮಾಡಿದ ಮೇಲೆ ವಾಪಸ್ ತಗೊಳ್ಳಲ್ಲ, ಕಂಪನಿ ಜೊತೆ ಮಾತಾಡಿ’ ಅಂತ ಇನ್ನೊಬ್ಬ ಗಿರಾಕಿ ಕಡೆ ತಿರುಗಿಕೊಂಡ. ಆ ಗಿರಾಕಿ ಕೇಳ್ತಾ ಇದ್ದದ್ದೂ ಬಚ್ಚಲಿಗೆ ಗೀಸರ್. ಅವನು ತೋರಿಸ್ತಾ ಇದ್ದದ್ದೂ ಅದೇ 3 ಲೀಟರ್‌ದು. ಅಲ್ಲೇ ನಿಂತು ಆ ಗಿರಾಕಿಗೆ ಎಲ್ಲಾ ಹೇಳಿಯೇ ಬಂದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಗೀಸರ್ ಬದಲಾಯಿಸಿ ಕೊಡೋವರೆಗೂ ನಾನು ಬಿಡಲ್ಲ.