ಸತ್ಯಾಂಶ: 10 ಕಿ.ಮೀ. ಸಮಯ × 4.2 = ಮ್ಯಾರಥಾನ್ ಸಮಯವೇ?

‘10 ಕಿ.ಮೀ.ಯನ್ನು 50 ನಿಮಿಷದಲ್ಲಿ ಓಡುತ್ತೀರಾ? 4.2ರಿಂದ ಗುಣಿಸಿ, ಮೂರೂವರೆ ಗಂಟೆಯಲ್ಲಿ ಮ್ಯಾರಥಾನ್ ಮುಗಿಸುತ್ತೀರಿ.’ ಮ್ಯಾರಥಾನ್‌ನ ದೂರ ಸುಮಾರು 42.2 ಕಿ.ಮೀ., ಅಂದರೆ 10 ಕಿ.ಮೀ.ಯ 4.2 ಪಟ್ಟು, ನಿಜ. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಈ ಲೆಕ್ಕ ತಪ್ಪು.

ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ 1977ರಲ್ಲಿ ಪ್ರಕಟಿಸಿದ ಸೂತ್ರದಂತೆ ದೂರ ಇಮ್ಮಡಿಯಾದರೆ ಸಮಯ ಸುಮಾರು 2.08 ಪಟ್ಟಾಗುತ್ತದೆ. ಹಾಗೆ ನೋಡಿದರೆ 50 ನಿಮಿಷದವರಿಗೆ ಬರುವುದು 3 ಗಂಟೆ 50 ನಿಮಿಷ. ಹವ್ಯಾಸಿಗಳಿಗೆ ಅದೂ ಹೆಚ್ಚಿನ ನಿರೀಕ್ಷೆಯೇ. ಹಾಫ್ ಮ್ಯಾರಥಾನ್‌ವರೆಗೆ ಚೆನ್ನಾಗಿ ಹೊಂದುವ ಈ ಸೂತ್ರ, ಪೂರ್ಣ ಮ್ಯಾರಥಾನ್‌ನಲ್ಲಿ ಅನೇಕರಿಗೆ ಹತ್ತು ನಿಮಿಷಕ್ಕೂ ಮಿಕ್ಕಿ ತಪ್ಪುತ್ತದೆಂದು 2016ರ ಅಧ್ಯಯನವೊಂದು ತೋರಿಸಿತು.

ಮುಖ್ಯ ಕಾರಣ ಗ್ಲೈಕೋಜನ್. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಈ ಇಂಧನ ಹಲವರಲ್ಲಿ 30 ಕಿ.ಮೀ. ಸುಮಾರಿಗೆ ಬರಿದಾಗುತ್ತಾ ಬರುತ್ತದೆ. 10 ಕಿ.ಮೀ. ಓಟದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಮುಂಬೈ ಮ್ಯಾರಥಾನ್‌ನಲ್ಲಿ ಪೆದ್ದರ್ ರಸ್ತೆಯ ಏರು ಎದುರಾಗುವುದು ಕೊನೆಯ ಹಂತದಲ್ಲಿ, ಬಿಸಿಲೇರಿದ ಮೇಲೆ. ಅಲ್ಲಿ ನಡೆಯತೊಡಗುವವರಲ್ಲಿ ಒಳ್ಳೆಯ 10 ಕಿ.ಮೀ. ಓಟಗಾರರೂ ಇರುತ್ತಾರೆ. ಅವರಿಗೆ ಕಡಿಮೆ ಬಿದ್ದದ್ದು ವೇಗವಲ್ಲ, ತಿಂಗಳುಗಟ್ಟಲೆಯ ದೂರದ ಓಟದ ಅಭ್ಯಾಸ.

ಗುರಿ ನಿಗದಿಪಡಿಸಲು ಇತ್ತೀಚಿನ ಹಾಫ್ ಮ್ಯಾರಥಾನ್ ಸಮಯ ಮತ್ತು ವಾರಕ್ಕೆ ಓಡುವ ಒಟ್ಟು ಕಿಲೋಮೀಟರ್ ಎರಡನ್ನೂ ನೋಡಿ. ಮೊದಲ ಸಲವಾದರೆ ಇನ್ನೂ ನಿಧಾನವಾಗಿ ಶುರುಮಾಡಿ.